ಕೀಲು ಬಿಗಿದ ಕೈಗಳೂ ಆಟಪಾಟಗಳೂ

(ವಾರ್ಷಿಕ ಕ್ರೀಡಾಕೂಟದ ಪೂರ್ವಭಾವಿಯಾಗಿ ಕೂಡಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಕ್ರೀಡಾಕೂಟಕ್ಕೆ ಹೆಸರು ಕೊಡುವ ದಿನಗಳಿವು. ಬಂದ ಹೆಸರುಗಳನ್ನು ನೋಡಿದರೆ ನಲವತ್ತೈದು ದಾಟಿದವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು ಎದ್ದು ಕಾಣುತ್ತದೆ. ಹಳೆಯ ಕೇರಂ ಆಟಗಾರರನ್ನು ವಿಚಾರಿಸಿದರೆ “ಪುರಸೊತ್ತಿಲ್ಲ ಮಾರಾಯ್ರೇ, ಇನ್ನು ಹುಡುಗರು ಆಡಲಿ” ಎಂಬ ಉತ್ತರ ಬರುತ್ತದೆ. ಪುರಸೊತ್ತಿಲ್ಲದವರು ಬೆಂಚಿನ ಮೇಲೆ ಎರಡೆರಡು ಗಂಟೆ ಕುಳಿತು ಬೇರೆಯವರ ಆಟ ನೋಡುವುದೆಂತು? ನಿಜವಾದ ಕಾರಣ ಬೇರೆ ಇದೆ. ಬೆರಳು ಬಗ್ಗುವುದಿಲ್ಲ. ಹೆಬ್ಬೆರಳ ಬುಡದಲ್ಲಿ ನೋವು. ಸ್ಟ್ರೈಕರಿಗೆ ಪೆಟ್ಟು ಕೊಟ್ಟರೆ ಮೊಣಕೈವರೆಗೆ ಚುರುಕು ಏಳುತ್ತದೆ. ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಅವರಿಗೆ ಮನಸ್ಸಿಲ್ಲ.

ಏಕೆ ಮನಸ್ಸಿಲ್ಲವೆಂಬುದು ನಮಗೆ ತಿಳಿಯದ ವಿಷಯವಲ್ಲ. ನಮ್ಮಲ್ಲಿ ಬಹುಮಂದಿ ಕೈಯನ್ನೇ ನಂಬಿ ಈ ಊರಿಗೆ ಬಂದವರು. ಹೋಟೆಲಿನಲ್ಲಿ ದೋಸೆ ಹೊಯ್ಯುವವರು, ತಟ್ಟೆ ತೊಳೆಯುವವರು, ಹೊಲಿಗೆಯವರು, ಆಫೀಸಿನಲ್ಲಿ ಟೈಪು ಮಾಡುವವರು, 1982ರ ಮುಷ್ಕರಕ್ಕೆ ಮುಂಚೆ ಗಿರಣಿಗಳಲ್ಲಿ ನೂಲಿನ ಎಳೆ ಕಟ್ಟಿದವರು. ಕೈ ನೋಯುತ್ತಿದೆ ಎಂಬ ಸುದ್ದಿ ಹಬ್ಬಿದರೆ ಮಾಲಿಕರು ನಾಳೆಯೇ ಬೇರೊಬ್ಬನನ್ನು ತಂದಾರು ಎಂಬ ಅಂಜಿಕೆ ಇವರಿಗೆ ಇರುವುದು ಸಹಜ. ಆದುದರಿಂದ ಕೆಲಸದ ಜಾಗದಲ್ಲಿ ಹಲ್ಲು ಕಚ್ಚಿ ನಡೆಸುತ್ತಾರೆ. ಸಂಜೆ ಸಂಘಕ್ಕೆ ಬಂದಾಗ ಆಟವನ್ನು ಬಿಡುತ್ತಾರೆ. ಆಟ ಬಿಟ್ಟವರು ಕೆಲದಿನ ಬೆಂಚಿನ ಮೇಲೆ ಕುಳಿತಿರುತ್ತಾರೆ. ಆಮೇಲೆ ಬರುವುದನ್ನೂ ಬಿಡುತ್ತಾರೆ. ಊರಿನಿಂದ ಇಷ್ಟು ದೂರ, ಹತ್ತು ಜನ ಮಲಗುವ ಕೋಣೆಯಲ್ಲಿ ಬದುಕುವ ಮನುಷ್ಯನಿಗೆ ವಾರದ ಎರಡು ಗಂಟೆಯ ಆಟವೂ ಇಲ್ಲವೆಂದರೆ ಉಳಿಯುವುದೇನು? ಇದು ಬರಿಯ ಮನರಂಜನೆಯ ಪ್ರಶ್ನೆಯೆಂದು ನಾವು ಎಣಿಸಿಲ್ಲ.

ಮೊದಲು ರೋಗದ ವಿಷಯ ಎರಡು ಮಾತು. ಕೈಯ ಕೀಲುನೋವೆಲ್ಲ ಒಂದೇ ಅಲ್ಲ. ಹೆಚ್ಚಾಗಿ ಕಾಣುವುದು ಸವೆತದ ಸಂಧಿವಾತ. ಇದು ಬೆರಳ ತುದಿಯ ಕೀಲು, ನಡುವಿನ ಕೀಲು ಮತ್ತು ಹೆಬ್ಬೆರಳ ಬುಡ, ಈ ಮೂರು ಕಡೆ ನೆಲೆಸುತ್ತದೆ. ತುದಿಯ ಕೀಲಿನ ಮೇಲೆ ಕಡಲೆಕಾಳಿನಂಥ ಗಟ್ಟಿ ಗಂಟು ಏಳುವುದುಂಟು. 18ನೆಯ ಶತಮಾನದ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡೆನ್ ಇದನ್ನು ವರ್ಣಿಸಿದ್ದರಿಂದ ವೈದ್ಯರು ಇಂದಿಗೂ ಅವನ ಹೆಸರಿನಿಂದಲೇ ಆ ಗಂಟನ್ನು ಕರೆಯುತ್ತಾರೆ. ವಯಸ್ಸು, ವಂಶ, ಹಿಂದಿನ ಪೆಟ್ಟು, ವರ್ಷಗಟ್ಟಲೆ ಮಾಡಿದ ಕೈಕೆಲಸ, ಎಲ್ಲವೂ ಇದಕ್ಕೆ ಕಾರಣವಾಗಬಹುದು. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ಬೆಳಿಗ್ಗೆ ಎದ್ದಾಗ ಕೈ ಬಿಗಿದಿದ್ದರೂ ಸ್ವಲ್ಪ ಹೊತ್ತಿನಲ್ಲಿ ಸಡಿಲವಾಗುತ್ತದೆ.

ಇನ್ನೊಂದು ಬಗೆಯನ್ನು ರುಮಟಾಯ್ಡ್ ಎನ್ನುತ್ತಾರೆ. ದೇಹವನ್ನು ಕಾಯಬೇಕಾದ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವ ರೋಗವಿದು. ಸಾಮಾನ್ಯವಾಗಿ ಎರಡೂ ಕೈಗಳಿಗೆ ಬರುತ್ತದೆ. ಮುಷ್ಟಿ ಹಿಡಿದಾಗ ಎದ್ದು ಕಾಣುವ ಗೆಣ್ಣುಗಳು, ಮಣಿಕಟ್ಟು ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆಯಾದರೂ ಬಿಡುವುದಿಲ್ಲ. ಮೈಯೆಲ್ಲ ಸೋತಂತೆ ಇರುತ್ತದೆ. ಇಪ್ಪತ್ತೈದು ಮೂವತ್ತರ ತರುಣರಿಗೂ ಬರಬಹುದು. ಇಂಥ ಲಕ್ಷಣವಿದ್ದವರು “ನೋಡೋಣ, ಮಳೆಗಾಲ ಮುಗಿಯಲಿ” ಎಂದು ಕೂಡ್ರಬಾರದು. ರೋಗದ ಓಟವನ್ನೇ ತಡೆಯುವ ಔಷಧಗಳು ಈಗ ಇವೆ. ಮೊದಲ ಕೆಲವೇ ತಿಂಗಳೊಳಗೆ ಆರಂಭಿಸಿದರೆ ಕೀಲು ಕೆಡದಂತೆ ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ಅವುಗಳಲ್ಲಿ ಮುಖ್ಯವಾದ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಈ ರೋಗಕ್ಕೆ ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ದಿನವೂ ನುಂಗಿದರೆ ಪ್ರಾಣಕ್ಕೆ ಅಪಾಯ. ಚೀಟಿ ಓದಲು ಬಾರದವರ ಪಕ್ಕದಲ್ಲಿ ಮಲಗುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ಸ್ಟೇಶನ್ನಿನ ಹೊರಗೆ ಕಾಗದದ ಪೊಟ್ಟಣದಲ್ಲಿ ಮಾರುವ “ಗಿಡಮೂಲಿಕೆ” ಪುಡಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಮೂರು ದಿನದಲ್ಲಿ ನೋವು ಮಾಯವಾದರೆ ಸಂತೋಷಪಡುವ ಮೊದಲು ಸಂಶಯಪಡಿ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆಯೂ ನಿತ್ಯದ ತಿಂಡಿಯಾಗಬಾರದು. ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಅದು ಕೆಡಿಸುತ್ತದೆ. ಕೈಯ ನೋವಿಗೆ ಮೇಲೆ ಹಚ್ಚುವ ಮುಲಾಮು ಎಷ್ಟೋ ವಾಸಿ.

ಉದ್ದು, ಬಟಾಟೆ ವಾಯು ಪದಾರ್ಥ, ಅವುಗಳಿಂದಲೇ ಬೆರಳು ಬಿಗಿಯಿತು ಎಂದು ಪಥ್ಯ ಹಿಡಿಯುವವರೂ ನಮ್ಮಲ್ಲಿದ್ದಾರೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಉಡುಪಿ ಹೋಟೆಲಿನಲ್ಲಿ ದುಡಿಯುವವನು ಉದ್ದನ್ನೂ ಬಟಾಟೆಯನ್ನೂ ಬಿಟ್ಟರೆ ತಿನ್ನುವುದೇನನ್ನು? ಬೆರಳು ಲಟಿಕೆ ತೆಗೆದರೆ ಸಂಧಿವಾತ ಬರುತ್ತದೆಂಬುದೂ ಅಂಥದೇ ಮಾತು. ಅಮೇರಿಕೆಯಲ್ಲಿ ಡೊನಾಲ್ಡ್ ಉಂಗರ್ ಎಂಬ ವೈದ್ಯ ತಾಯಿಯ ಈ ಎಚ್ಚರಿಕೆಯನ್ನು ಪರೀಕ್ಷಿಸಲು ಸುಮಾರು 60 ವರ್ಷ ಎಡಗೈಯ ಲಟಿಕೆಯನ್ನಷ್ಟೇ ತೆಗೆದು ಬಲಗೈಯನ್ನು ಹಾಗೆಯೇ ಬಿಟ್ಟ. ಎರಡು ಕೈಗಳಲ್ಲಿಯೂ ಸಂಧಿವಾತ ಕಾಣಲಿಲ್ಲ. 2009ರಲ್ಲಿ ಅವನಿಗೆ ಇದಕ್ಕಾಗಿ ಇಗ್ ನೊಬೆಲ್ ಎಂಬ ವಿನೋದದ ಬಹುಮಾನ ಬಂತು. ಒಬ್ಬನ ಕೈಯಿಂದ ಶಾಸ್ತ್ರ ಸಿದ್ಧವಾಗುವುದಿಲ್ಲ, ಒಪ್ಪುತ್ತೇವೆ. ಆದರೆ ಅವನ ತಾಳ್ಮೆಗೆ ತಲೆದೂಗಲೇಬೇಕು.

ಇನ್ನು ಮುಖ್ಯ ವಿಷಯ. ನೋಯುವ ಕೈಯಿಂದ ಆಡಬಹುದೇ? “ಕೈಗೆ ವಿಶ್ರಾಂತಿ ಕೊಡಿ” ಎಂಬ ಹಳೆಯ ಉಪದೇಶವನ್ನು ಎಲ್ಲರೂ ಕೇಳಿದ್ದೇವೆ. ಕೀಲು ಕೆಂಪಾಗಿ ಬಿಸಿಯೇರಿ ಊದಿಕೊಂಡ ದಿನಗಳಲ್ಲಿ ಅದು ಸರಿ. ಉಳಿದ ದಿನಗಳಲ್ಲಿ ಸರಿಯಲ್ಲ. ಬಳಸದ ಕೈಯ ಸ್ನಾಯು ಸೊರಗುತ್ತದೆ. ಸ್ನಾಯು ಸೊರಗಿದರೆ ಕೀಲಿನ ಮೇಲೆ ಹೊರೆ ಮತ್ತಷ್ಟು ಬೀಳುತ್ತದೆ. ಇಂಗ್ಲೆಂಡಿನಲ್ಲಿ ರುಮಟಾಯ್ಡ್ ರೋಗವಿದ್ದ 490 ಮಂದಿಯನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಸಾಮಾನ್ಯ ಚಿಕಿತ್ಸೆಯ ಜೊತೆಗೆ ಕೈಯನ್ನು ಚಾಚುವ ಮತ್ತು ಬಲಪಡಿಸುವ ವ್ಯಾಯಾಮಗಳನ್ನು ಕಲಿಸಿದರು. ವರ್ಷದ ಕೊನೆಗೆ ವ್ಯಾಯಾಮ ಮಾಡಿದವರ ಕೈಗಳು ಹೆಚ್ಚು ಚೆನ್ನಾಗಿ ಕೆಲಸಮಾಡುತ್ತಿದ್ದವು, ವ್ಯಾಯಾಮದಿಂದ ಕೇಡಾಗಲಿಲ್ಲ. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಇದು ಅಚ್ಚಾಯಿತು.

ನಮ್ಮಂಥ ದುಡಿಯುವವರ ಮನೆಯಲ್ಲಿ ಹುಟ್ಟಿದ ಒಬ್ಬನ ಕತೆ ಇಲ್ಲಿ ಹೇಳಬೇಕು. ಫ್ರಾನ್ಸಿನ ಪಿಯೆರ್ ಓಗ್ಯುಸ್ತ್ ರೆನ್ವಾ ದೊಡ್ಡ ಚಿತ್ರಕಾರನೆಂದು ಲೋಕಕ್ಕೆ ಗೊತ್ತು. ಅವನ ತಂದೆ ದರ್ಜಿ. ಮಗ ಎಳೆಯ ಪ್ರಾಯದಲ್ಲೇ ಪಿಂಗಾಣಿ ಕಾರ್ಖಾನೆ ಸೇರಿ ತಟ್ಟೆಗಳ ಮೇಲೆ ಹೂ ಬರೆಯುವ ಕೂಲಿ ಮಾಡಿದ. ಐವತ್ತರ ಸುಮಾರಿಗೆ ಅವನಿಗೆ ರುಮಟಾಯ್ಡ್ ಹತ್ತಿಕೊಂಡಿತು. ಆಗ ರೋಗದ ಓಟವನ್ನು ತಡೆಯುವ ಔಷಧವೇ ಇರಲಿಲ್ಲ. ಅವನು ಮಾಡಿದ್ದೇನು? ಬೆಳಿಗ್ಗೆ ಚಿತ್ರಕ್ಕೆ ಕೂಡ್ರುವ ಮೊದಲು ಚೆಂಡುಗಳನ್ನು ಮೇಲಕ್ಕೆಸೆದು ಹಿಡಿಯುವ ಆಟ ಆಡುತ್ತಿದ್ದ. ದಾರ ಕಟ್ಟಿದ ಮರದ ಗುಂಡನ್ನು ಕೋಲಿನ ತುದಿಗೆ ಸಿಕ್ಕಿಸುವ ಮಕ್ಕಳಾಟವೊಂದಿದೆ, ಅದನ್ನೂ ಆಡುತ್ತಿದ್ದ. ಬೆರಳು ಸಡಿಲವಾಗಲಿ ಎಂಬುದೇ ಉದ್ದೇಶ. ಕಡೆಕಡೆಗೆ ಬೆರಳುಗಳು ಅಂಗೈಯೊಳಕ್ಕೆ ಮಡಿಚಿಕೊಂಡವು. ಉಗುರು ಚುಚ್ಚಿ ಚರ್ಮ ಹುಣ್ಣಾಗದಿರಲೆಂದು ಕೈಗೆ ಬಟ್ಟೆ ಸುತ್ತುತ್ತಿದ್ದರು. ಕುಂಚವನ್ನು ಕೈಗೆ ಕಟ್ಟುತ್ತಿದ್ದರೆಂದು ಜನ ಹೇಳುವುದುಂಟು, ಅದು ನಿಜವಲ್ಲ. ಮನೆಯವರು ಬೆರಳ ಸಂದಿಯಲ್ಲಿ ಕುಂಚವಿಟ್ಟುಕೊಡುತ್ತಿದ್ದರು, ಬರೆಯುವವನು ಅವನೇ. ಕುರ್ಚಿಯಿಂದ ಏಳಲಾರದೆ ಹೋದಾಗ ದೊಡ್ಡ ಚಿತ್ರದ ಬಟ್ಟೆಯನ್ನು ಉರುಳೆಗೆ ಸುತ್ತಿ, ಬೇಕಾದ ಭಾಗ ಎದುರಿಗೆ ಬರುವಂತೆ ತಿರುಗಿಸುವ ಏರ್ಪಾಟು ಮಾಡಿಸಿಕೊಂಡ. 1919ರಲ್ಲಿ 78ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಬಣ್ಣ ಬಿಡಲಿಲ್ಲ. ಅವನಿಗೆ ಆಳುಕಾಳು ಇದ್ದರು, ನಮಗಿಲ್ಲ ಎನ್ನುವಿರಿ. ಆಳುಕಾಳು ಇಲ್ಲದಿದ್ದರೂ ಸಂಘವಿದೆಯಲ್ಲ.

ಆಟಕ್ಕೆ ಬರೋಣ. ಬೆರಳ ತುದಿಯಿಂದ ಯಾವುದನ್ನಾದರೂ ಚಿವುಟಿ ಹಿಡಿದಾಗ ಹೆಬ್ಬೆರಳ ಬುಡದ ಕೀಲಿನ ಮೇಲೆ ತುದಿಯ ಒತ್ತಡದ ಸುಮಾರು 12 ಪಟ್ಟು ಹೊರೆ ಬೀಳುತ್ತದೆಂದು ಲೆಕ್ಕ ಹಾಕಿದ್ದಾರೆ. ಈ ಒಂದು ಸಂಗತಿ ತಿಳಿದರೆ ಬಹಳಷ್ಟು ಉಪಾಯ ತಾನಾಗಿ ಹೊಳೆಯುತ್ತದೆ. ಕೇರಂನಲ್ಲಿ ತೋರುಬೆರಳನ್ನು ಹೆಬ್ಬೆರಳಿಗೆ ಕೊಂಡಿ ಹಾಕಿ ಸಿಡಿಸುವವರಿಗೇ ನೋವು ಹೆಚ್ಚು. ಕೊಂಡಿ ಬಿಟ್ಟು, ಅಂಗೈಯ ಅಂಚನ್ನು ಹಲಗೆಯ ಮೇಲೆ ಊರಿ, ಮಧ್ಯದ ಬೆರಳಿನಿಂದ ನೇರ ಹೊಡೆಯುವುದನ್ನು ಕಲಿಯಬಹುದು. ಒಂದೆರಡು ತಿಂಗಳು ಕಾಯಿಗಳು ಎಲ್ಲೆಲ್ಲೋ ಹೋಗುತ್ತವೆ. ಹೋಗಲಿ. ಸ್ಟ್ರೈಕರ್ 15 ಗ್ರಾಮಿಗೆ ಮೀರಕೂಡದೆಂದು ನಿಯಮವೇ ಇದೆ; ಇನ್ನೂ ಹಗುರವಾದುದನ್ನು ಬಳಸಲು ಅಡ್ಡಿಯಿಲ್ಲ. ಹಲಗೆಗೆ ಪುಡಿಯನ್ನು ಜಿಪುಣತನ ಮಾಡದೆ ಹಾಕಿದರೆ ಅರ್ಧ ಬಲದ ಪೆಟ್ಟಿಗೂ ಸ್ಟ್ರೈಕರ್ ಓಡುತ್ತದೆ. ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಕುಳಿತರೆ ಮಣಿಕಟ್ಟು ಮಡಿಚಿಕೊಳ್ಳುವುದು ತಪ್ಪುತ್ತದೆ. ಜೋಡಿ ಆಟದಲ್ಲಿ ಕಾಯಿ ಒಡೆಯುವ ಮೊದಲ ಹೊಡೆತವೇ ಎಲ್ಲಕ್ಕಿಂತ ಬಿರುಸು. ಅದನ್ನು ಜೊತೆಗಾರ ಹೊಡೆಯಬಹುದೆಂದು ನಮ್ಮ ಕೂಟದ ಮಟ್ಟಿಗೆ ನಿಯಮ ಸಡಿಲಿಸಬೇಕೆಂದು ಕ್ರೀಡಾ ಸಮಿತಿಯನ್ನು ಕೇಳಿಕೊಳ್ಳುತ್ತೇವೆ. ಅಖಿಲ ಭಾರತ ಪಂದ್ಯವೇನೂ ಇದಲ್ಲ.

ಕ್ರಿಕೆಟ್ ಬಿಡಲೊಲ್ಲದವರು ಗಟ್ಟಿ ಚೆಂಡನ್ನು ಬಿಡಲಿ. ಅದು 160 ಗ್ರಾಮಿನ ಆಸುಪಾಸು ತೂಗುತ್ತದೆ; ಊದಿದ ಗೆಣ್ಣಿಗೆ ತಗುಲಿದರೆ ಆರು ವಾರ ಹೋಯಿತು. ಟೆನ್ನಿಸ್ ಚೆಂಡು 60 ಗ್ರಾಮನ್ನೂ ಮುಟ್ಟುವುದಿಲ್ಲ. ಬ್ಯಾಟಿನ ಹಿಡಿಗೆ ಇನ್ನೊಂದು ರಬ್ಬರು ಏರಿಸಿದರೆ ಮುಷ್ಟಿಯನ್ನು ಬಿಗಿಯಾಗಿ ಮುಚ್ಚಬೇಕಾಗಿಲ್ಲ. ಬ್ಯಾಡ್ಮಿಂಟನ್ ಈ ದೃಷ್ಟಿಯಿಂದ ಒಳ್ಳೆಯದು. ಹಕ್ಕಿಯ ತೂಕ ಐದು ಗ್ರಾಮಿನಷ್ಟು. ರ‍್ಯಾಕೆಟಿನ ಹಿಡಿಗೆ ಟವೆಲ್ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು, ಹೊಡೆತದ ಕ್ಷಣ ಬಿಟ್ಟು ಉಳಿದ ಹೊತ್ತು ಹಿಡಿತ ಸಡಿಲವಿಟ್ಟರೆ ಸಾಕು. ವಾಲಿಬಾಲಿನಲ್ಲಿ ಬೆರಳಿನಿಂದ ಎತ್ತಿಕೊಡುವ ಕೆಲಸವನ್ನು ಎಳೆಯರಿಗೆ ಬಿಡಬೇಕು. ಕಬಡ್ಡಿಯ ವಿಷಯ ನಾವು ಹೆಚ್ಚು ಹೇಳುವುದಿಲ್ಲ. ಬೆರಳು ಊದಿದವರು ಪಂಚರಾಗಿ ಸೀಟಿ ಊದಲಿ.

ಇದೆಲ್ಲ ಮುದುಕರಿಗೆ ಸಮಾಧಾನ ಹೇಳುವ ಮಾತೆಂದು ತರುಣರು ನಗಬೇಕಾಗಿಲ್ಲ. ಡೆನ್ಮಾರ್ಕಿನ ಟೆನ್ನಿಸ್ ಆಟಗಾರ್ತಿ ಕ್ಯಾರೊಲೈನ್ ವೋಜ್ನಿಯಾಕಿಗೆ ರುಮಟಾಯ್ಡ್ ಇದೆಯೆಂದು 2018ರಲ್ಲಿ ಗೊತ್ತಾದಾಗ ಆಕೆಗೆ 28 ವರ್ಷ. ಗೊತ್ತಾದ ಮೇಲೆಯೂ ಅದೇ ವರ್ಷ ಅಕ್ಟೋಬರದಲ್ಲಿ ಬೀಜಿಂಗಿನ ಪಂದ್ಯಾವಳಿಯನ್ನು ಗೆದ್ದಳು.

ಆಟ ಬಲ್ಲವರಿಗಿಂತ ಹಾಡು, ಬಾರಿಸುವಿಕೆ ಬಲ್ಲವರ ಸಂಕಟ ಹೆಚ್ಚಿನದು. ನಮ್ಮ ತಾಳಮದ್ದಳೆಯ ಕೂಟದಲ್ಲಿ ಮದ್ದಳೆಯ ಬೆರಳು ಸೋತರೆ “ಅರ್ಥ ಹೇಳಿ ಸ್ವಾಮೀ” ಎಂದು ಸಲಹೆ ಕೊಡುವವರಿದ್ದಾರೆ. ಮೂವತ್ತು ವರ್ಷ ಮದ್ದಳೆಯಲ್ಲಿ ಮನಸ್ಸಿಟ್ಟವನಿಗೆ ಇದು ಉಪಚಾರದ ಮಾತೇ ಹೊರತು ಉಪಾಯವಲ್ಲ. ಒಂದು ಪ್ರಸಂಗಕ್ಕೆ ಇಬ್ಬರು ಮದ್ದಳೆಗಾರರನ್ನು ಇಟ್ಟು ಅರ್ಧ ಗಂಟೆಗೊಮ್ಮೆ ಕೈ ಬದಲಾಯಿಸಿದರೆ ಹಿರಿಯನೂ ಉಳಿಯುತ್ತಾನೆ, ಪಕ್ಕದಲ್ಲಿ ಕುಳಿತ ಹುಡುಗನೂ ಕಲಿಯುತ್ತಾನೆ. ಕೂಡ್ರುವ ಮೊದಲು ಹತ್ತು ನಿಮಿಷ ಕೈಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಬೇಕು. ಹಾರ್ಮೋನಿಯಂ ನುಡಿಸುವವರಿಗೆ ಅಷ್ಟು ಕಷ್ಟವಿಲ್ಲ. ಮನೆಯನ್ನು ಒತ್ತಲು ಬಲ ಬೇಡ. ತಿದಿ ಒತ್ತುವ ಕೈ ನೊಂದರೆ ಬೆರಳು ಬಿಟ್ಟು ಅಂಗೈಯಿಂದ ಒತ್ತಿ ನೋಡಬಹುದು.

ಸೋದರಿಯರು ಹೇಳುವ ಕಷ್ಟಗಳಲ್ಲಿ ಮೊದಲನೆಯದು ರಂಗೋಲಿ. ಪುಡಿಯನ್ನು ಚಿವುಟಿ ಎಳೆಯುವುದು ಹೆಬ್ಬೆರಳಿಗೆ ಬಹಳ ತ್ರಾಸು. ರಂಧ್ರವಿರುವ ಡಬ್ಬಿಯೋ ಕೊಳವೆಯೋ ಹಿಡಿದು ಎಳೆದರೆ ಶಾಸ್ತ್ರಕ್ಕೆ ಊನವಿಲ್ಲ. ಹೂ ಕಟ್ಟಲು ಬೆರಳು ಸುತ್ತದಿದ್ದಾಗ ದಪ್ಪ ಸೂಜಿಯಲ್ಲಿ ಪೋಣಿಸಬಹುದು. ಸೂಜಿಯ ಹಿಡಿಗೆ ಬಟ್ಟೆ ಸುತ್ತಬಹುದು. ಉಲ್ಲನ್ ಹೆಣೆಯುವವರು ತಣ್ಣಗಿನ ಲೋಹದ ಕಡ್ಡಿ ಬಿಟ್ಟು ಬಿದಿರಿನ ಕಡ್ಡಿ ತೆಗೆದುಕೊಳ್ಳಲಿ. ಎರಡು ಕಡ್ಡಿಗಳನ್ನು ತಂತಿಯಿಂದ ಜೋಡಿಸಿದ ಬಗೆಯೊಂದು ಸಿಗುತ್ತದೆ. ಅದರಲ್ಲಿ ಹೆಣೆದ ಬಟ್ಟೆಯ ಭಾರ ಮಡಿಲಿಗೆ ಬೀಳುವುದರಿಂದ ಮಣಿಕಟ್ಟು ಬಚಾವು. ಚಾಳಿನ ಪಡಸಾಲೆಯ ತುಳಸಿ, ಮಲ್ಲಿಗೆ ಕುಂಡಗಳಿಗೆ ಬಕೀಟು ಎತ್ತುವುದು ಬೇಡ, ಚಿಕ್ಕ ತಂಬಿಗೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ನಾಲ್ಕು ಸಲ ಹೋಗಿ. ಓದುವವರಿಗೆ ನಮ್ಮ ಅಜ್ಜಂದಿರ ವ್ಯಾಸಪೀಠಕ್ಕಿಂತ ಒಳ್ಳೆಯ ಸಾಧನವನ್ನು ಯಾವ ದೇಶದವರೂ ಕಂಡುಹಿಡಿದಿಲ್ಲ. ಪುಸ್ತಕ ಅದರ ಮೇಲೆ, ಕೈ ಮಡಿಲಲ್ಲಿ.

ಎಷ್ಟು ಹೊತ್ತು ಆಡಬೇಕೆಂಬುದಕ್ಕೆ ಒಂದು ಅಳತೆಯಿದೆ. ಆಟ ಮುಗಿದು ಎರಡು ಗಂಟೆ ಕಳೆದ ಮೇಲೂ ಆಟಕ್ಕೆ ಮುಂಚಿಗಿಂತ ನೋವು ಹೆಚ್ಚಿದ್ದರೆ ಮುಂದಿನ ಸಲ ಹೊತ್ತನ್ನು ಕಡಿಮೆ ಮಾಡಬೇಕು, ಬಿಟ್ಟುಬಿಡಬೇಕೆಂದಲ್ಲ. ಹಾಗೆಯೇ ದಿನಕ್ಕೆ ಐದು ನಿಮಿಷದ ಸಾಧನೆ: ಬೆರಳುಗಳನ್ನು ನೆಟ್ಟಗೆ ಚಾಚಿ, ಕೊಕ್ಕೆಯಂತೆ ಬಗ್ಗಿಸಿ, ಆಮೇಲೆ ಮುಷ್ಟಿ ಕಟ್ಟುವುದು, ಹೆಬ್ಬೆರಳನ್ನು ಒಂದೊಂದೇ ಬೆರಳಿನ ತುದಿಗೆ ಮುಟ್ಟಿಸುವುದು, ಅಂಗೈಯನ್ನು ಮೇಜಿನ ಮೇಲಿಟ್ಟು ಬೆರಳುಗಳನ್ನು ಒಂದೊಂದಾಗಿ ಎತ್ತುವುದು, ಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಸ್ಪಂಜನ್ನು ನಿಧಾನವಾಗಿ ಹಿಂಡುವುದು. ಲೋಕಲ್ ಗಾಡಿಯಲ್ಲಿ ಕೂಡ್ರಲು ಜಾಗ ಸಿಕ್ಕ ಭಾಗ್ಯವಂತರು ಮೊದಲೆರಡನ್ನು ಅಲ್ಲಿಯೇ ಮಾಡಬಹುದು.

ಇವೆಲ್ಲವನ್ನೂ ಅವರವರ ಕೈ ನೋಡಿ ಕಲಿಸುವ ಶಾಸ್ತ್ರವೇ ಬೇರೆ ಇದೆ. ಆಕ್ಯುಪೇಷನಲ್ ಥೆರಪಿ ಎನ್ನುತ್ತಾರೆ. ಅದು ಈ ದೇಶದಲ್ಲಿ ಬೇರೂರಿದ್ದು ನಮ್ಮ ಊರಿನಲ್ಲಿಯೇ. ಅಮೇರಿಕೆಯಲ್ಲಿ ಹುಟ್ಟಿ ಭಾರತವನ್ನು ತನ್ನ ಮನೆಯಾಗಿ ಮಾಡಿಕೊಂಡ ಕಮಲಾ ನಿಂಬಕರ್ ಅವರು 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಮೊದಲ ಶಾಲೆಯನ್ನು ತೆರೆದರು. ದೊಡ್ಡ ಸರಕಾರಿ, ಪುರಸಭೆಯ ಆಸ್ಪತ್ರೆಗಳಲ್ಲಿ ಈ ವಿಭಾಗವನ್ನು ಕೇಳಿ ಹೋಗಬೇಕು. ಹೆಬ್ಬೆರಳ ಬುಡಕ್ಕೆ ಆಸರೆಯ ಪಟ್ಟಿಯನ್ನು ಅಳತೆ ನೋಡಿ ಕೊಡುವವರೂ ಇವರೇ. ಇ.ಎಸ್.ಐ. ಕಾರ್ಡು ಉಳ್ಳವರು ಅದನ್ನು ಟ್ರಂಕಿನ ತಳದಲ್ಲಿಟ್ಟು ಬೀಗ ಹಾಕಬಾರದು. ಒಬ್ಬರೇ ಹೋಗಲು, ಅರ್ಜಿ ತುಂಬಲು ಅಳುಕುವವರ ಜೊತೆಗೆ ಸಂಘದಿಂದ ಒಬ್ಬರನ್ನು ಕಳಿಸಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ನಿಮ್ಮ ಕೈಯ ಸುದ್ದಿ ಸಂಘದ ಗೋಡೆ ದಾಟಿ ಯಾವ ಮಾಲಿಕರಿಗೂ ಹೋಗುವುದಿಲ್ಲವೆಂದು ಸಮಿತಿಯ ಪರವಾಗಿ ಹೇಳುತ್ತೇವೆ.

ಕೊನೆಯದಾಗಿ ಒಂದು ಸೂಚನೆ. ಈ ತಿಂಗಳಿನಿಂದ ಕೇರಂ ಕೋಣೆಯಲ್ಲಿ ಸಂಜೆ ಆರಕ್ಕೆ ಒಂದು ಬೋಗುಣಿ ಬಿಸಿನೀರು ಇಟ್ಟಿರುತ್ತೇವೆ. ಹಳೆಯ ಸೈಕಲ್ ಟ್ಯೂಬು, ಟವೆಲ್ ಚೂರು, ದಾರ, ಕತ್ತರಿ ಮೇಜಿನ ಮೇಲಿರುತ್ತವೆ. ನಿಮ್ಮ ನಿಮ್ಮ ರ‍್ಯಾಕೆಟು, ಪೆನ್ನು, ಕುಂಚ, ಹೆಣಿಕೆ ಕಡ್ಡಿ, ಬೇಕಾದರೆ ಹೋಟೆಲಿನ ಸೌಟು, ಸಟ್ಟುಗವನ್ನೂ ತನ್ನಿರಿ. ಹಿಡಿ ಎಷ್ಟು ದಪ್ಪ ಬೇಕೆಂದು ನಿಮ್ಮ ಕೈಯಲ್ಲಿಯೇ ಹಿಡಿಸಿ ನೋಡಿ ಸುತ್ತಿಕೊಡುವ ಕೆಲಸವನ್ನು ನಮ್ಮ ಹೊಲಿಗೆಯ ಅಣ್ಣಂದಿರು ವಹಿಸಿಕೊಂಡಿದ್ದಾರೆ.